ಹಂದಿಯಿಂದ ತೆಂಗಿನಕಾಯಿಗೆ

ಕೊಡಗಿನ ಮಕ್ಕಳ ಕೈಗೆ ಕೋವಿ ಬಂದ ದಾರಿ

ಸೆಪ್ಟೆಂಬರ್ ಮೊದಲ ವಾರ. ರಾತ್ರಿಯಿಡೀ ಹೊಯ್ದ ಮಳೆ ಬೆಳಿಗ್ಗೆ ಕೊಂಚ ಹೊಳವಾಗಿತ್ತು. ದಕ್ಷಿಣ ಕೊಡಗಿನ ಒಂದು ಊರ ಮೈದಾನ; ಕಾಲಿಟ್ಟಲ್ಲೆಲ್ಲ ಕೆಸರು. ಒಂದು ಬದಿಯ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಇನ್ನೊಂದು ಬದಿಯಲ್ಲಿ ಹಲಗೆಯ ಮೇಲೆ ಕೋಳಿಮೊಟ್ಟೆ. ಕಾಯಿ ದೊಡ್ಡವರ ಪಾಲಿಗೆ, ಮೊಟ್ಟೆ ಮಕ್ಕಳ ಪಾಲಿಗೆ.

ಸರದಿಯಲ್ಲಿದ್ದ 11 ವರ್ಷದ ಹುಡುಗಿಯ ಕೈಗೆ ಏರ್‌ಗನ್ ಬಂತು. ಅವಳ ಅಪ್ಪ ಪ್ಯಾಂಟಿಗೆ ಕೆಸರಾಗುವುದನ್ನೂ ಲೆಕ್ಕಿಸದೆ ಪಕ್ಕದಲ್ಲಿ ಮಂಡಿಯೂರಿದರು. ಮೊಟ್ಟೆ ಕಡೆ ನೋಡುತ್ತಿದ್ದವಳಿಗೆ, "ಗುರಿ ಆಮೇಲೆ ಮಗಾ, ಮೊದಲು ನಿನ್ನ ಬೆರಳು ಎಲ್ಲಿದೆ ನೋಡು" ಅಂದರು. ಬೆರಳು ಆಗಲೇ ಟ್ರಿಗರ್ ಮೇಲೆ ಕೂತಿತ್ತು. ಅವಳು ನಾಲಿಗೆ ಕಚ್ಚಿಕೊಂಡು ಅದನ್ನು ಹೊರಗೆ ತೆಗೆದಳು. ಗುಂಡು ಮೊಟ್ಟೆಗೆ ತಾಗಲಿಲ್ಲ. ಅಪ್ಪನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಬೆರಳಿನ ವಿಷಯ ಮಾತ್ರ ಮನೆಗೆ ಹೋಗುವವರೆಗೂ ನಡೆಯಿತು.

ಅಪ್ಪ ಮಗಳಿಗೆ, ಅಜ್ಜ ಮೊಮ್ಮಗನಿಗೆ ಕೋವಿ ಹಿಡಿಯಲು ಕಲಿಸುವುದು ನಮ್ಮ ನಾಡಿನ ಬೇರೆ ಕಡೆ ವಿಚಿತ್ರವಾಗಿ ಕಾಣಬಹುದು. ಕೊಡಗಿನಲ್ಲಿ ಅದಕ್ಕೊಂದು ಹಬ್ಬವೇ ಇದೆ. ಆದರೆ ಇವತ್ತು ನಾವು ನೋಡುವ ಈ ಕಾಯಿ, ಮೊಟ್ಟೆ, ಮೈದಾನ, ಬಹುಮಾನಗಳ ಹಿಂದೆ ಕಾಡು ಇದೆ, ಗದ್ದೆ ಇದೆ, ಒಬ್ಬ ಬ್ರಿಟಿಷ್ ಕಮಿಷನರ್ ಇದ್ದಾನೆ, 1972ರ ಒಂದು ಕಾಯ್ದೆಯೂ ಇದೆ.

ಹರಳುಗಿಡದ ಬಿಲ್ಲು

ಹಳೆಯ ಕೊಡವ ಪದ್ಧತಿಯಲ್ಲಿ ಈ ಪಾಠ ಶುರುವಾಗುತ್ತಿದ್ದುದು ಮಗು ಕಣ್ಣು ಬಿಡುವ ಹೊತ್ತಿಗೇ. ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು, ಅದರದೇ ಎಲೆಯ ತೊಟ್ಟಿನಲ್ಲಿ ಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಿದ್ದರು. ಅಂಗಳದಲ್ಲಿ ಒಂದು ಗುಂಡು ಹಾರುತ್ತಿತ್ತು. ಗುಡ್ಡದ ಮೇಲೊಂದು, ಕಣಿವೆಯಲ್ಲೊಂದು ಮನೆ ಇರುವ ಸೀಮೆಯಲ್ಲಿ ಆ ಸದ್ದೇ ಸುದ್ದಿ. ಒಂದು ಗುಂಡು ಕೇಳಿಸಿದರೆ ಹುಟ್ಟು, ಬೆನ್ನುಬೆನ್ನಿಗೆ ಎರಡು ಕೇಳಿಸಿದರೆ ಸಾವು. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಕುರಿತ ಅಧ್ಯಯನದಲ್ಲಿ ಇಂಥ ಆಚರಣೆಗಳ ವಿವರಗಳಿವೆ.

ಹರಳುಗಿಡವನ್ನು ಮುರಿದು ನೋಡಿದವರಿಗೆ ಗೊತ್ತು, ಅದು ಒಳಗೆಲ್ಲ ಟೊಳ್ಳು. ಅದರ ಬಿಲ್ಲಿನಿಂದ ಗುಬ್ಬಿಯೂ ಸಾಯದು. ಮಗುವಿನ ಕೈಗೆ ಮೊದಲು ಬರುವ ಆಯುಧ ಯಾರನ್ನೂ ನೋಯಿಸಲಾರದ ಆಯುಧ.

ನಾಟಿ ಮುಗಿಯುವವರೆಗೆ

ಹುಡುಗ ಕೋವಿ ಎತ್ತುವಷ್ಟು ದೊಡ್ಡವನಾದ ಮೇಲೆ ಕೈಲ್‌ಪೊಳ್ದ್ ಬರುತ್ತಿತ್ತು. ಕೈಲ್ ಎಂದರೆ ಆಯುಧ. ಈಗ ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ ಬರುವ ಈ ಹಬ್ಬ, ಭತ್ತದ ನಾಟಿ ಮುಗಿದದ್ದಕ್ಕೆ ಕೊಡುವ ಬಿಡುವು. ಮಳೆಗಾಲದ ಆ ತಿಂಗಳುಗಳಲ್ಲಿ ಮನೆಮಂದಿಗೆಲ್ಲ ಗದ್ದೆಯೇ ಕೆಲಸ. ಕೋವಿ, ಅಗಲ ಅಲಗಿನ ಒಡಿಕತ್ತಿಗಳನ್ನು ಕುಟುಂಬದ ಮೂಲಮನೆಯಾದ ಐನ್‌ಮನೆಯ ಕನ್ನಿ ಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟುಬಿಡುತ್ತಿದ್ದರು. ನಾಟಿ ಮುಗಿಯುವವರೆಗೆ ಬೇಟೆಯ ಮಾತಿಲ್ಲ.

ಹಬ್ಬದ ದಿನ ಅವು ಹೊರಬರುತ್ತಿದ್ದವು. ಒರೆಸಿ, ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪದ ಮುಂದೆ ಇಡುತ್ತಿದ್ದರು. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಆ ಹೂವು ಬಯಲುಸೀಮೆಯವರೂ ಬೇಲಿಸಾಲಿನಲ್ಲಿ ಕಂಡಿರುವ, ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳಿನ ಅಗ್ನಿಶಿಖೆ. ಪೂಜೆ, ಹಂದಿಮಾಂಸದ ಪಂದಿ ಕರಿ, ಅಕ್ಕಿಯುಂಡೆ ಕಡಂಬುಟ್ಟು ಆದ ಮೇಲೆ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಡುತ್ತಿದ್ದರು. ಅವರು ಕಾಲಿಗೆ ಬಿದ್ದು ಪಡೆಯುತ್ತಿದ್ದರು. ಆಮೇಲೆ ಬೇಟೆ.

ಆ ಬೇಟೆ ಬರೀ ಮೋಜಿನದಲ್ಲ. ಕೊಡಗಿನ ಗದ್ದೆಗಳು ಕಾಡಿನ ತೆಕ್ಕೆಯಲ್ಲಿವೆ. ನಾಟಿಯಾದ ಪೈರು ತೆನೆ ಕಟ್ಟಿ ಹಾಲು ತುಂಬುವ ಹೊತ್ತಿಗೆ ಹಂದಿ ಇಳಿಯುತ್ತದೆ. ಒಂದು ರಾತ್ರಿಯ ಹಿಂಡು ಒಂದು ಮನೆಯ ವರ್ಷದ ಅನ್ನವನ್ನು ಮಣ್ಣುಪಾಲು ಮಾಡಬಲ್ಲದು. ಹಾಗಾಗಿ ಅಟ್ಟಣೆಯಲ್ಲಿ ರಾತ್ರಿ ಕಾವಲು, ಹಗಲು ನಾಯಿಗಳ ಜೊತೆ ಕಾಡು ಸೋವುವುದು. ಹುಡುಗರಿಗೆ ಮೊದಮೊದಲು ಕೋವಿ ಸಿಗುತ್ತಿರಲಿಲ್ಲ; ಮೊದಲು ಬೇರೆ ಪಾಠಗಳು. ಸದ್ದು ಮಾಡದೆ ನಡೆಯುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯುವುದು, ಮರಸು ಕೂತಾಗ ಸೊಳ್ಳೆ ಕಚ್ಚಿದರೂ ಅಲುಗದಿರುವುದು, ಪೊದೆ ಅಲುಗಿತೆಂದು ಗುಂಡು ಹಾರಿಸದಿರುವುದು. ಈ ಕೊನೆಯ ಪಾಠ ಕಲಿಯದವನಿಂದ ಜೊತೆಗಾರನ ಪ್ರಾಣವೇ ಹೋಗುತ್ತಿತ್ತು. ಹಂದಿಯೆಂದು ಮನುಷ್ಯನಿಗೆ ಹೊಡೆದ ಸುದ್ದಿ ಇವತ್ತಿಗೂ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ.

ಹುಲಿ ಹೊಡೆದವನಿಗೆ ಮದುವೆಯಂಥ ಸಂಭ್ರಮ ನಡೆಯುತ್ತಿತ್ತು. ಹೆಸರು ನರಿ ಮಂಗಲ. ಕನ್ನಡಿಗರು ನಗಬೇಕಾಗಿಲ್ಲ; ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಚಪ್ಪರದಡಿ ಸತ್ತ ಹುಲಿಯ ಪಕ್ಕ ಬೇಟೆಗಾರನನ್ನು ಕೂರಿಸಿ, ಊರವರು ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಡುತ್ತಿದ್ದರು. ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಫೋಟೊಗಳು ಈಗಲೂ ಇವೆ. ಮೊಮ್ಮಕ್ಕಳಿಗೆ ಅದನ್ನು ತೋರಿಸುವಾಗ ಹೆಮ್ಮೆ ಮತ್ತು ಮುಜುಗರ ಒಟ್ಟಿಗೇ ಬರುತ್ತವೆ.

ಕಬ್ಬನ್ ಬಿಟ್ಟುಹೋದ ಕಾಗದ

ಬೇರೆ ಕಡೆಯೂ ಜನ ಬೇಟೆಯಾಡುತ್ತಿದ್ದರು. ಕೋವಿ ಇಲ್ಲಿ ಮಾತ್ರ ಮನೆಮನೆಯಲ್ಲಿ ಉಳಿದದ್ದೇಕೆ? ರಾಜರ ಕಾಲದಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿ ಪಡೆದವರು ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1857ರ ದಂಗೆಯಿಂದ ಬೆಚ್ಚಿದ ಸರ್ಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಪಾರ್ಕಿನ ಹೆಸರಲ್ಲಿರುವ ಅದೇ ಕಬ್ಬನ್, 1861ರ ಫೆಬ್ರುವರಿಯಲ್ಲಿ ಕೊಡಗಿನವರಿಗೆ ಅದು ಅನ್ವಯಿಸದು ಎಂದು ಪ್ರಕಟಿಸಿದರು. ನಿಷ್ಠೆಗೆ ಮೆಚ್ಚಿ ಕೊಟ್ಟ ಬಳುವಳಿ ಅದು; ಯಾರ ಮೇಲಿನ ನಿಷ್ಠೆ ಎಂಬ ಪ್ರಶ್ನೆ ಇಂದಿಗೂ ಕೆಲವರನ್ನು ಚುಚ್ಚುತ್ತದೆ.

ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದರೂ ವಿನಾಯಿತಿ ಮುಂದುವರಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಅದನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು. ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಹಾಗೆಂದು ಕೋವಿ ಯಾವಾಗಲೂ ಮನೆಯಲ್ಲೇ ಇರುತ್ತದೆಂದಲ್ಲ. ಚುನಾವಣೆ ಬಂದರೆ ಠಾಣೆಯಲ್ಲಿ ಇಡಿ ಎಂಬ ಆದೇಶ ಬರುತ್ತದೆ. ಹಿಂದೆ ನಾಟಿಗೆಂದು ಕೆಳಗಿಡುತ್ತಿದ್ದ ಕೋವಿಯನ್ನು ಈಗ ಮತದಾನಕ್ಕೆಂದು ಕೆಳಗಿಡುತ್ತಾರೆ.

ಕಾಡು ಮುಚ್ಚಿತು

ಹೊರಗಿನವರು ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲಿ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. ಬೇಟೆಗೆ ವಿನಾಯಿತಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡವರಿಗೂ ಒಂದೇ, ಮಿಕ್ಕವರಿಗೂ ಒಂದೇ. ಕಾಡುಕುರಿ, ಕಡವೆ ಹೊಡೆದರೆ ಜೈಲು. ಆ ಕಾನೂನನ್ನು ನಾಗರಹೊಳೆಯಲ್ಲಿ ಪಟ್ಟು ಹಿಡಿದು ಜಾರಿ ಮಾಡಿದ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಕೊಡಗಿನವರೇ. ಕಳ್ಳಬೇಟೆಯವರ ಎದುರು ನಿಂತದ್ದಕ್ಕೆ ಅವರು ತಮ್ಮವರಿಂದಲೇ ಹಗೆ ಕಟ್ಟಿಕೊಂಡರು. ಕೋವಿಯ ನಾಡಿನಲ್ಲಿ ಹುಟ್ಟಿದವರೇ ಕಾಡಿನ ಕಾವಲಿಗೂ ನಿಂತರು.

ಹೀಗೆ ಕೋವಿ ಮನೆಯಲ್ಲೇ ಉಳಿಯಿತು, ಬೇಟೆ ಹೊರಟುಹೋಯಿತು. ಅಪ್ಪಂದಿರು ಮಕ್ಕಳಿಗೆ ಏನು ಕಲಿಸಬೇಕು? ಆಗ ಕೈ ಹಿಡಿದದ್ದು ತೆಂಗಿನಕಾಯಿ. ಕಾಯಿಗೆ ಗುಂಡು ಹೊಡೆಯುವುದು ಹೊಸತೇನಲ್ಲ, ಕೈಲ್‌ಪೊಳ್ದ್ ದಿನದ ಆಟವಾಗಿ ಹಿಂದಿನಿಂದಲೂ ಇತ್ತು. ಬೇಟೆಯ ಅಂಚಿನಲ್ಲಿದ್ದ ಆಟ ಈಗ ನಡುಮನೆಗೆ ಬಂತು. ಸ್ಪರ್ಧೆಯಲ್ಲಿ ಪಾಯಿಂಟ್ 22 ರೈಫಲ್‌ಗೆ ಒಂದು ವಿಭಾಗ, 12 ಬೋರ್ ಕೋವಿಗೆ ಒಂದು, ಏರ್‌ಗನ್‌ಗೆ ಇನ್ನೊಂದು. ಗುಂಡು ತಾಗಿದ ಕ್ಷಣ ಕಾಯಿಯ ನೀರು ಗಾಳಿಯಲ್ಲಿ ಚಿಮ್ಮುತ್ತದೆ. ನೋಡಲು ತೀರ್ಪುಗಾರ ಬೇಡ.

ಇನ್ನೂ ಒಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಹರಳುಗಿಡದ ಬಿಲ್ಲು ಗಂಡುಮಗುವಿಗೆ ಮಾತ್ರ ಸಿಗುತ್ತಿತ್ತು, ಬೇಟೆಯ ಕಾಡೂ ಗಂಡಸರದು. ಮೈದಾನಕ್ಕೆ ಆ ಬೇಲಿ ಇಲ್ಲ. ಸೀರೆಯುಟ್ಟು ಬಂದು ಕಾಯಿ ಒಡೆಯುವ ಹೆಂಗಸರಿದ್ದಾರೆ, ಮೊಟ್ಟೆಗೆ ಗುರಿಯಿಡುವ ಹುಡುಗಿಯರಿದ್ದಾರೆ.

ಬೇಟೆಯ ಜೊತೆ ಕೆಲವು ಪಾಠಗಳೂ ಹೋದವು. ಮೊಟ್ಟೆಗೆ ಕಿವಿ ಇಲ್ಲ, ಮೂಗಿಲ್ಲ. ಅದಕ್ಕಾಗಿ ಗಾಳಿ ನೋಡಬೇಕಿಲ್ಲ, ಮೂರು ತಾಸು ಅಲುಗದೆ ಕೂರಬೇಕಿಲ್ಲ. ಸಾವನ್ನು ಹತ್ತಿರದಿಂದ ಕಂಡು ಬರುವ ಭಯವೂ ಅದರಿಂದ ಬಾರದು. ಇತ್ತ ಹಂದಿಗೆ 1972ರ ಕಾಯ್ದೆ ಗೊತ್ತಿಲ್ಲ. ಅದು ಈಗಲೂ ಗದ್ದೆಗೆ ಬರುತ್ತದೆ, ಆನೆ ತೋಟಕ್ಕೆ ಬರುತ್ತದೆ. ಆದರೆ ನಾಟಿಯ ತಿಂಗಳುಗಳಲ್ಲಿ ಕೋವಿಯನ್ನು ದೇವರ ಕೋಣೆಗೆ ಒಪ್ಪಿಸುತ್ತಿದ್ದ ಮನೆಗಳಿಗೆ, ಕೆಳಗಿಡುವುದೂ ವಿದ್ಯೆಯ ಒಂದು ಭಾಗ ಎಂಬುದು ಹೊಸ ಮಾತಲ್ಲ.

ಆ ಸಂಜೆ ಹುಡುಗಿಯ ಮನೆಯಲ್ಲಿ ನಾನೂ ಕಾಫಿಗೆ ಕೂತಿದ್ದೆ. ಹರೆಯದಲ್ಲಿ ಹಂದಿ ಹೊಡೆದಿದ್ದ ಅವಳ ಅಜ್ಜ, ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಏರ್‌ಗನ್ ಒರೆಸಿದರು. ನಳಿಗೆ ಮಡಚಿ ಬೆಳಕಿಗೆ ಹಿಡಿದು ಒಳಗೆ ನೋಡಿದರು. "ಖಾಲಿ. ಒಳಗಿಟ್ಟು ಬಾ" ಎಂದು ಅವಳ ಕೈಗೆ ಕೊಟ್ಟರು.

ಅವಳು ಎರಡು ಹೆಜ್ಜೆ ಹೋದವಳು ನಿಂತಳು. ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಬೆರಳು ಹೊರಗಿಟ್ಟು, ಮತ್ತೊಮ್ಮೆ ಮಡಚಿ ತಾನೇ ಇಣುಕಿ ನೋಡಿದಳು. ಅಜ್ಜನ ಮಾತನ್ನು ನಂಬದ ಮೊಮ್ಮಗಳನ್ನು ಆ ಮನೆಯಲ್ಲಿ ಯಾರೂ ಗದರಲಿಲ್ಲ.