ತೂಕದ ಖಾತೆಯೂ ಅಂಗೈಯ ಮೊಬೈಲೂ

ದಿನದ ಕೊನೆಯಲ್ಲಿ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸದೆ ಯಾವ ವರ್ತಕನೂ ಅಂಗಡಿಯ ಬಾಗಿಲು ಹಾಕುವುದಿಲ್ಲ. ಆದರೆ ಅದೇ ವರ್ತಕನನ್ನು ಆತನ ಹೊಟ್ಟೆಯ ಸುತ್ತಳತೆ ಎಷ್ಟೆಂದು ಕೇಳಿದರೆ ಪ್ಯಾಂಟಿನ ಅಳತೆಯನ್ನು ಹೇಳುತ್ತಾನೆ. ಅದೂ ಹಳೆಯ ಪ್ಯಾಂಟಿನದು. ಈ ಲೇಖಕನೂ ಇದಕ್ಕೆ ಹೊರತಾಗಿರಲಿಲ್ಲ. ಮನೆ ಇರುವುದು ಜ್ಞಾನಭಾರತಿಯ ಪಕ್ಕದಲ್ಲಿ. ಸಾವಿರ ಎಕರೆಗೂ ಮಿಗಿಲಾದ ವಿಶ್ವವಿದ್ಯಾನಿಲಯದ ಆವರಣದಲ್ಲಿ ಬೆಳಗಿನ ನಡಿಗೆಗೆ ದೂರದಿಂದ ಜನ ಬರುತ್ತಾರೆ. ನಾನು ಮಾತ್ರ ಆ ಹೊತ್ತಿನಲ್ಲಿ ಕಕ್ಷಿದಾರರ ಲೆಕ್ಕಪತ್ರಗಳ ಮುಂದೆ ಕುಳಿತಿರುತ್ತಿದ್ದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ, ನಮ್ಮ ವಯಸ್ಕರಲ್ಲಿ ಶೇ. 28.6 ಮಂದಿಗೆ ಸ್ಥೂಲಕಾಯವಿದೆ, ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ನಮ್ಮವರಲ್ಲಿ ಹೊಟ್ಟೆಯ ಸುತ್ತಳತೆ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರು ಮುಟ್ಟಿದರೆ ವೈದ್ಯರು ಎಚ್ಚರಿಸುತ್ತಾರೆ. ದರ್ಜಿಯ ಟೇಪೊಂದಿದ್ದರೆ ಈ ಪರೀಕ್ಷೆಗೆ ಸಾಕು.

ಕಷ್ಟವಿರುವುದು ಅಳೆಯುವುದರಲ್ಲಲ್ಲ, ಇಳಿಸಿದ ತೂಕವನ್ನು ಉಳಿಸಿಕೊಳ್ಳುವುದರಲ್ಲಿ. ಆಹಾರ, ವ್ಯಾಯಾಮ, ನಿದ್ರೆ ಇವು ತಿಂಗಳುಗಟ್ಟಲೆ ಮನೆಯಲ್ಲಿಯೇ ನಡೆಯಬೇಕಾದ ಕೆಲಸಗಳು. ಪೀಣ್ಯದಲ್ಲಿಯೋ ಕಾಮಾಕ್ಷಿಪಾಳ್ಯದಲ್ಲಿಯೋ ಲೇತ್ ಯಂತ್ರವನ್ನು ನಿಲ್ಲಿಸಿ ವಾರಕ್ಕೊಮ್ಮೆ ಆಹಾರ ತಜ್ಞರ ಬಳಿಗೆ ಹೋಗಿಬರುವ ಮಾಲೀಕರು ಎಷ್ಟು ಮಂದಿ ಇದ್ದಾರು? ಈ ಅಂತರವನ್ನು ಮೊಬೈಲು ತುಂಬಬಲ್ಲದು. ತಿಂದದ್ದು, ನಡೆದದ್ದು, ತೂಕ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ತಜ್ಞರು ತಮ್ಮ ಜಾಗದಿಂದಲೇ ಅದನ್ನು ನೋಡಿ ಸಲಹೆ ನೀಡಬಹುದು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯು ನೋಂದಾಯಿತ ವೈದ್ಯರು ದೂರದಿಂದ ಸಮಾಲೋಚನೆ ನಡೆಸುವುದಕ್ಕೆ ಸ್ಪಷ್ಟ ನಿಯಮಗಳನ್ನು ಒದಗಿಸಿತು. ಈ ವ್ಯವಹಾರದಲ್ಲಿ ನಮ್ಮೂರು ಹಿಂದುಳಿದಿಲ್ಲ. ಇಡ್ಲಿ, ಚಪಾತಿ, ಸಾಂಬಾರುಗಳ ಕ್ಯಾಲೊರಿಯನ್ನು ಲೆಕ್ಕ ಹಾಕುವ ಹೆಲ್ದಿಫೈಮಿ ಸಂಸ್ಥೆಯು 2012ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ.

ಇದರಿಂದ ಫಲವುಂಟೇ ಎಂಬುದು ವರ್ತಕರು ಕೇಳಬೇಕಾದ ಪ್ರಶ್ನೆ. ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ, ದುಡಿಯುವ 537 ಪುರುಷರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಹಾರ ಮತ್ತು ವ್ಯಾಯಾಮದ ಬಗ್ಗೆ ಆಗಾಗ್ಗೆ ಎಸ್ಸೆಮ್ಮೆಸ್ ಕಳುಹಿಸಿದರು. ಎರಡು ವರ್ಷಗಳ ನಂತರ ಸಂದೇಶ ಪಡೆದವರಲ್ಲಿ ಶೇ. 18, ಪಡೆಯದವರಲ್ಲಿ ಶೇ. 27 ಮಂದಿಗೆ ಮಧುಮೇಹ ಬಂದಿತ್ತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಮಧುಮೇಹ ತಡೆಗೆ ಸಂಬಂಧಿಸಿದ್ದೇ ಹೊರತು ತೂಕ ಇಳಿಕೆಗಲ್ಲ ಎಂಬುದನ್ನು ನೆನಪಿಡಬೇಕು. ಇನ್ನೊಂದು ಅಮೆರಿಕದ್ದು, 2016ರಲ್ಲಿ ಪ್ರಕಟವಾದದ್ದು. ಆಹಾರ, ವ್ಯಾಯಾಮದ ಸಲಹೆ ಎರಡೂ ಗುಂಪುಗಳಿಗೆ ಇತ್ತು. ಆರು ತಿಂಗಳ ನಂತರ ಒಂದು ಗುಂಪು ತನ್ನ ಚಟುವಟಿಕೆಯನ್ನು ತಾನೇ ಬರೆದುಕೊಳ್ಳತೊಡಗಿತು. ಇನ್ನೊಂದಕ್ಕೆ ಮೈಗೆ ಧರಿಸುವ ಸಾಧನ ಕೊಡಲಾಯಿತು. ಎರಡು ವರ್ಷಗಳ ಕೊನೆಗೆ ಮೊದಲನೆಯವರು ಸರಾಸರಿ 5.9 ಕಿಲೋ ಇಳಿದಿದ್ದರೆ, ಸಾಧನ ಧರಿಸಿದವರು 3.5 ಕಿಲೋ ಮಾತ್ರ ಇಳಿದಿದ್ದರು!

ದುಬಾರಿ ಲೆಕ್ಕದ ಪುಸ್ತಕ ಕೊಂಡವನಿಗೆ ಲಾಭ ಹೆಚ್ಚುವುದಿಲ್ಲ ಎಂಬುದು ನನ್ನ ವೃತ್ತಿಯವರಿಗೆ ಹೊಸ ಸಂಗತಿಯಲ್ಲ. ಬರೆದದ್ದನ್ನು ಇನ್ನೊಬ್ಬರು ತೆರೆದು ನೋಡಿ, "ಇದೇನು ಸ್ವಾಮಿ, ಶನಿವಾರದ ನಮೂದೇ ಇಲ್ಲವಲ್ಲ?" ಎಂದು ಕೇಳುವಂತಿರಬೇಕು. ಆದ್ದರಿಂದ ಹಣ ತೆರುವುದಾದರೆ ಕೈಪಟ್ಟಿಗಲ್ಲ, ವಾರಕ್ಕೊಮ್ಮೆ ಫೋನು ಮಾಡುವ ಅರ್ಹ ಆಹಾರ ತಜ್ಞರಿಗೆ ತೆರುವುದು ಲೇಸೆಂದು ನನ್ನ ಅಭಿಪ್ರಾಯ.

ನಾನು ಮೊದಲು ಮಾಡಿದ್ದು ಇದಕ್ಕೆ ವಿರುದ್ಧ. ಕೈಪಟ್ಟಿಯೊಂದನ್ನು ಕೊಂಡೆ, ಎರಡು ತಿಂಗಳಲ್ಲಿ ಅದು ಮೇಜಿನ ಡ್ರಾಯರ್ ಸೇರಿತು. ಒಂದು ಆ್ಯಪಿಗೆ ವಾರ್ಷಿಕ ಚಂದಾ ಕಟ್ಟಿ ಮರೆತೆ. ಮರುವರ್ಷ ಹಣ ತಾನಾಗಿಯೇ ಕಡಿತವಾಯಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ 24 ಗಂಟೆ ಮುಂಚೆ ಬರುವ ಸಂದೇಶವನ್ನು ನಾನು ಓದಿರಲಿಲ್ಲ. ಊರಿಗೆಲ್ಲ ಲೆಕ್ಕ ಹೇಳುವವನ ಗತಿ ಇದು.

ಲೆಕ್ಕದ ಮಾತು ಬಂದುದರಿಂದ ಎರಡು ಸೂಚನೆ. ಮಾಲೀಕರು ತಮ್ಮ ಸ್ವಂತ ಚಂದಾ ಹಣವನ್ನು ವ್ಯಾಪಾರದ ವೆಚ್ಚವೆಂದು ಬರೆಯಬಾರದು, ಅದು ಡ್ರಾಯಿಂಗ್ಸ್. ನೌಕರರಿಗಾಗಿ ಮಾಡಿದ ವೆಚ್ಚವನ್ನು ಸಿಬ್ಬಂದಿ ಕಲ್ಯಾಣದಡಿ ತೋರಿಸಬಹುದು. ಆದರೆ ಆರೋಗ್ಯ ಸೇವೆ, ಫಿಟ್‌ನೆಸ್ ಕೇಂದ್ರಗಳ ಸದಸ್ಯತ್ವ ಮುಂತಾದವುಗಳ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯಿದೆಯ 17(5)ನೇ ಕಲಮು ಸಾಮಾನ್ಯವಾಗಿ ತಡೆಯುತ್ತದೆ. ನೌಕರರ ತೂಕವನ್ನು ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕುವುದಂತೂ ಸಲ್ಲದು. ಅದು ಅವರ ಖಾಸಗಿ ಸಂಗತಿ.

ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆ್ಯಪಿನ ಮಾತು ಕೇಳಿ ಊಟ ಇಳಿಸುವ ಮುನ್ನ ವೈದ್ಯರನ್ನು ಕಾಣಲೇಬೇಕು. ಔಷಧಿಯ ಪ್ರಮಾಣ ಬದಲಿಸದೆ ಆಹಾರ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಈಗ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಕಾಫಿಗೆ ಮುಂಚೆ ತೂಕ ನೋಡುವ ಕ್ರಮವಿದೆ. ಅಂಕಿಯನ್ನು ಓದುವವರು ನನ್ನ ಶ್ರೀಮತಿ, ಮೊಬೈಲಿನಲ್ಲಿ ನಮೂದಿಸುವವನು ನಾನು, ಸೋಮವಾರ ಫೋನಿನಲ್ಲಿ ವಿಚಾರಿಸುವವರು ಆಹಾರ ತಜ್ಞೆ. ಎಂಟು ತಿಂಗಳಲ್ಲಿ ಆರು ಕಿಲೋ ಇಳಿದಿದೆ. ತೆರಿಗೆ ಲೆಕ್ಕಪರಿಶೋಧನೆಯ ಸೆಪ್ಟೆಂಬರಿನಲ್ಲಿ ಒಂದೂವರೆ ಕಿಲೋ ಮರಳಿ ಬಂದಿತ್ತು, ಅದೂ ಖಾತೆಯಲ್ಲಿದೆ.