ಕೊಡದಿಂದ ಕೊಳಾಯಿಗೆ

ನಾಗರಿಕತೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೊಡ್ಡ ಯಂತ್ರಗಳಿಂದಲೇ ಮಾತನ್ನು ಆರಂಭಿಸುತ್ತಾರೆ. ಉಗಿಬಂಡಿ, ಮುದ್ರಣಯಂತ್ರ, ವಿಮಾನ, ಗಣಕಯಂತ್ರ ಇವು ಯುಗಪ್ರವರ್ತಕಗಳೆನಿಸುತ್ತವೆ. ಮನೆಯೊಳಗಿನ ಸಣ್ಣ ಸಲಕರಣೆಗಳಿಗೆ ಆ ಚರಿತ್ರೆಯಲ್ಲಿ ಎಡೆ ಸಿಗುವುದು ಅಪರೂಪ. ಆದರೆ ನಮ್ಮ ದಿನಚರಿಯನ್ನು, ಮನೆಯ ವಿನ್ಯಾಸವನ್ನು, ಮನೆಮಂದಿಯ ನಡುವಣ ಕೆಲಸದ ಹಂಚಿಕೆಯನ್ನು, ಕಡೆಗೆ ನಮ್ಮ ಮಾತಿನ ಸಂಪತ್ತನ್ನೂ ಬದಲಿಸಿದ ಉಪಕರಣ ಯಾವುದೆಂದು ಯಾರಾದರೂ ಕೇಳಿದರೆ, ನಾನು ಬೊಟ್ಟು ಮಾಡುವುದು ಬಚ್ಚಲಿನ ಗೋಡೆಯಲ್ಲಿರುವ, ಒಂದು ಗೇಣುದ್ದವೂ ಇಲ್ಲದ ಕೊಳಾಯಿಯ ಕಡೆಗೆ. ನಲ್ಲಿಯೆನ್ನಿ, ಕೊಳಾಯಿಯೆನ್ನಿ, ಇಂದಿನ ಮಾತು ಅದನ್ನು ಕುರಿತದ್ದು.

ಕೊಳಾಯಿ ಬರುವ ಮುನ್ನ ಮನೆಯ ನೀರಿಗೆ ಆಕಾರಗಳಿದ್ದುವು. ಬಾವಿಯಿಂದ ಸೇದಿದ ನೀರು ಕೊಡದಲ್ಲಿ ಒಳಗೆ ಬರುತ್ತಿತ್ತು. ಬಚ್ಚಲಿನ ಒಲೆಯ ಮೇಲೆ ಹಂಡೆ, ಹಿತ್ತಿಲಲ್ಲಿ ಕಲ್ಲಿನ ಬಾನಿ, ಅಡುಗೆಮನೆಯ ಮೂಲೆಯಲ್ಲಿ ಬಿಂದಿಗೆಗಳ ಸಾಲು, ಬೇಸಗೆಗೆ ಮಣ್ಣಿನ ಹೂಜಿ, ಬಂದವರಿಗೆ ಕಾಲು ತೊಳೆಯಲು ಜಗಲಿಯ ಮೇಲೊಂದು ತಂಬಿಗೆ, ದೇವರ ಮುಂದೆ ಪಂಚಪಾತ್ರೆ ಮತ್ತು ಉದ್ಧರಣೆ. ಇವು ಬರಿಯ ಪಾತ್ರೆಗಳಲ್ಲ, ಅಳತೆಗಳೂ ಹೌದು. ಸ್ನಾನಕ್ಕೆ ಇಷ್ಟು, ಅಡುಗೆಗೆ ಇಷ್ಟು, ಪೂಜೆಗೆ ಇಷ್ಟು ಎಂಬ ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ; ಪಾತ್ರೆಯೇ ಆ ಲೆಕ್ಕವನ್ನು ಹೇಳುತ್ತಿತ್ತು. ಕೊಡ ಬರಿದಾದರೆ ಮತ್ತೊಂದು ಕೊಡಕ್ಕಾಗಿ ಯಾರದೋ ತೋಳು ನೋಯಬೇಕಾಗಿತ್ತು. ನೀರಿನ ಮಿತವ್ಯಯವೆಂಬುದು ಆಗ ಉಪದೇಶದಿಂದ ಬಂದ ಗುಣವಾಗಿರಲಿಲ್ಲ, ಮೈನೋವಿನಿಂದ ಬಂದ ಗುಣವಾಗಿತ್ತು.

ಹೀಗೆಂದ ಮಾತ್ರಕ್ಕೆ ಬಾವಿಕಟ್ಟೆಯ ಕಾಲವನ್ನು ಕೊಂಡಾಡಬೇಕಾಗಿಲ್ಲ. ರಾಟೆಯ ಸದ್ದಿನಲ್ಲಿ ಕಾವ್ಯವನ್ನು ಕಂಡವರು ಬಹುಮಟ್ಟಿಗೆ ಹಗ್ಗ ಹಿಡಿಯದ ಗಂಡಸರು. ನೀರು ಹೊರುವ ಕೆಲಸ ಹೆಣ್ಣುಮಕ್ಕಳದಾಗಿತ್ತು. ಬಸಿರಿಯಾದರೂ, ಜ್ವರ ಬಂದರೂ, ಮಳೆ ಹೊಯ್ದರೂ ಅದಕ್ಕೆ ರಜವಿರಲಿಲ್ಲ. ಇನ್ನೂ ದೊಡ್ಡ ಅನ್ಯಾಯವೊಂದು ಬಾವಿಯ ಸುತ್ತ ಗೋಡೆ ಕಟ್ಟಿ ನಿಂತಿತ್ತು. ಯಾರು ಸೇದಬಹುದು, ಯಾರು ದೂರ ನಿಂತು ಬೊಗಸೆಯೊಡ್ಡಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಡಾ. ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದದ್ದು ಬಾಯಾರಿಕೆಯ ಪ್ರಶ್ನೆಯಾಗಿರಲಿಲ್ಲ, ಮನುಷ್ಯತ್ವದ ಪ್ರಶ್ನೆಯಾಗಿತ್ತು. ಮನೆಮನೆಗೆ ಬಂದ ಕೊಳಾಯಿ ಹೆಣ್ಣಿನ ಸೊಂಟದಿಂದ ಕೊಡವನ್ನು ಇಳಿಸಿತು. ನೀರಿನ ಮೇಲಿದ್ದ ಮೈಲಿಗೆಯ ಕಾವಲನ್ನೂ ಬಹಳಷ್ಟು ಸಡಿಲಿಸಿತು. ಬೀದಿಯ ನಲ್ಲಿಗಳಲ್ಲಿ ಜಗಳಗಳು ಉಳಿದವು, ಭೇದಗಳೂ ಕೆಲವೆಡೆ ಉಳಿದವು. ಆದರೂ ಈ ಎರಡು ಉಪಕಾರಗಳನ್ನು ಒಪ್ಪದೆ ಕೊಳಾಯಿಯ ವಿಚಾರ ಮಾತನಾಡುವುದು ಸಲ್ಲದು.

ಇನ್ನು ಈ ಕೊಳಾಯಿ ನಮ್ಮ ರಾಜಧಾನಿಗೆ ಬಂದ ಬಗೆಯನ್ನು ಕೊಂಚ ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಿರುವ ಊರು. ಅದರ ಮಗ್ಗುಲಲ್ಲಿ ಹರಿಯುವ ಜೀವನದಿಯೊಂದೂ ಇಲ್ಲ. ಕೆಂಪೇಗೌಡರ ಕಾಲದಿಂದ ಊರು ಬದುಕಿದ್ದು ಕೆರೆಗಳನ್ನು, ಬಾವಿಗಳನ್ನು ನಂಬಿ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯಲ್ಲಿ ಯಂತ್ರಗಳಿಂದ ಮೇಲೆತ್ತಿ ಕೊಳವೆಗಳ ಮೂಲಕ ನಗರಕ್ಕೆ ತಂದರು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಅದೂ ಸಾಲದಾದಾಗ, 1974ರಲ್ಲಿ, ಕಾವೇರಿಯೇ ಊರಿಗೆ ಬರಬೇಕಾಯಿತು. ಮೊದಲನೆಯ ಹಂತ, ಎರಡನೆಯ ಹಂತ ಎಂದು ಬೆಳೆಯುತ್ತ ಬಂದ ಆ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರು ನೀರನ್ನು ನಗರದ ಅಂಚಿನ 110 ಹಳ್ಳಿಗಳಿಗೆ ಒದಗಿಸುವುದು ಅದರ ಉದ್ದೇಶ. ಪ್ರತಿಯೊಂದು ಹಂತವೂ ಇದೇ ಕೊನೆಯದೆಂಬ ಭರವಸೆ ಮೂಡಿಸಿತು, ಪ್ರತಿಯೊಂದು ಹಂತವೂ ಮುಂದಿನದನ್ನು ಅನಿವಾರ್ಯಗೊಳಿಸಿತು.

ಈ ನೀರು ಬರುವ ದಾರಿ ಎಂಥದು? ಸುಮಾರು ನೂರು ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ, ಹೆಚ್ಚುಕಡಿಮೆ 500 ಮೀಟರು ಮೇಲಕ್ಕೆ ಅದನ್ನು ಎತ್ತಬೇಕು. ಇದರಲ್ಲಿ ಒಂದು ಸ್ವಾರಸ್ಯವೂ ಇದೆ. ಇದೇ ಕಾವೇರಿ ಶಿವನಸಮುದ್ರದಲ್ಲಿ ಧುಮ್ಮಿಕ್ಕಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ತನ್ನು ಕೊಟ್ಟಳು. ಇಳಿಯುವಾಗ ಬೆಳಕು ಕೊಟ್ಟವಳನ್ನು ಏರಿಸಲು ನಾವು ಈಗ ವಿದ್ಯುತ್ತನ್ನು ಸುಡುತ್ತಿದ್ದೇವೆ. ನಗರದ ನಿವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ನೀರು ಬೇಕೆಂಬುದು ನಮ್ಮ ಎಂಜಿನಿಯರರು ಇಟ್ಟುಕೊಂಡಿರುವ ಪ್ರಮಾಣ. ನಾಲ್ವರ ಮನೆಗೆ 540 ಲೀಟರಾಯಿತು. ಅಷ್ಟು ನೀರನ್ನು 500 ಮೀಟರು ಎತ್ತಲು, ಯಂತ್ರದ ನಷ್ಟವನ್ನೂ ಸೇರಿಸಿಕೊಂಡರೆ, ಸುಮಾರು ಒಂದು ಯೂನಿಟ್ ವಿದ್ಯುತ್ತು ವೆಚ್ಚವಾಗುತ್ತದೆ. ಮನೆಯ ಮೀಟರು ತೋರಿಸದ, ನಮ್ಮ ವಿದ್ಯುತ್ ಬಿಲ್ಲಿನಲ್ಲಿ ಕಾಣದ ಯೂನಿಟ್ ಅದು. ಇನ್ನೊಂದು ರೀತಿಯಲ್ಲಿ ನೋಡಿ: ಹನ್ನೆರಡು ಲೀಟರು ಹಿಡಿಯುವ ಕೊಡದಲ್ಲಿ ಅಳೆದರೆ 540 ಲೀಟರೆಂದರೆ ನಲವತ್ತೈದು ಕೊಡ. ದಿನವೂ ನಲವತ್ತೈದು ಕೊಡ ಸೇದಿ ಹೊತ್ತ ಗೃಹಿಣಿ ಯಾವ ಕಾಲದಲ್ಲಿಯೂ ಇದ್ದಿರಲಾರಳು.

ಕೊಳಾಯಿಯ ನಿಜವಾದ ಮಾಯೆ ಇಲ್ಲಿದೆ. ಅದು ಶ್ರಮವನ್ನು ನೀಗಿಸಿತು. ಶ್ರಮದ ಜೊತೆಯಲ್ಲಿ ಅಳತೆಯನ್ನೂ ನೀಗಿಸಿತು. ಎಷ್ಟು ದೂರದಿಂದ ಬಂದಿತು, ಎಷ್ಟು ಎತ್ತರ ಏರಿತು, ಎಷ್ಟು ಖರ್ಚಾಯಿತು ಎಂಬ ಮೂರು ಪ್ರಶ್ನೆಗಳನ್ನೂ ಒಂದು ತಿರುಪಿನ ಹಿಂದೆ ಮರೆಮಾಡಿತು. ನಿಂತು ಮೀಯುವ ಷವರಿನಲ್ಲಿ ನಿಮಿಷಕ್ಕೆ ಎಂಟು ಹತ್ತು ಲೀಟರು ಸುರಿಯುತ್ತದೆ. ಹತ್ತು ನಿಮಿಷ ನಿಂತರೆ ಐದಾರು ಬಕೆಟ್ಟುಗಳ ನೀರು ಇಳಿದುಹೋಗಿರುತ್ತದೆ. ಆದರೆ ಕಣ್ಣ ಮುಂದೆ ಬರಿದಾಗುವ ಬಕೆಟ್ಟು ಅಲ್ಲಿಲ್ಲವಾದ್ದರಿಂದ ಬರಿದಾಯಿತೆಂಬ ಭಾವವೂ ಇಲ್ಲ.

ಮನೆಯ ಕಟ್ಟಡವೂ ಕೊಳಾಯಿಯನ್ನು ಅನುಸರಿಸಿ ಬದಲಾಯಿತು. ಹಿತ್ತಿಲ ಕೊನೆಯಲ್ಲಿದ್ದ ಪಾಯಖಾನೆ ಮಲಗುವ ಕೋಣೆಗೆ ಅಂಟಿಕೊಂಡಿತು. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ನೆಲದ ಕೆಳಗೆ ಸಂಪು, ತಾರಸಿಯ ಮೇಲೆ ಕಪ್ಪು ಟ್ಯಾಂಕು, ನಡುವೆ ಒಂದು ಮೋಟಾರು ಎಂಬ ಮೂರು ಅಂಗಗಳಿಲ್ಲದೆ ಮನೆಯೇ ಇಲ್ಲವೆನ್ನುವಂತಾಯಿತು. ಹಳೆಯ ಮಾದರಿಯ ಶೌಚದ ತೊಟ್ಟಿ ಒಮ್ಮೆ ಎಳೆದರೆ ಹತ್ತು ಲೀಟರಿಗೂ ಹೆಚ್ಚು ನೀರನ್ನು ಚೆಲ್ಲುತ್ತಿತ್ತು; ಈಗಿನ ಎರಡು ಗುಂಡಿಗಳ ತೊಟ್ಟಿ ಮೂರು ಅಥವಾ ಆರು ಲೀಟರಿನಲ್ಲಿ ಕೆಲಸ ಮುಗಿಸುತ್ತದೆ. ಆದರೂ ಯೋಚಿಸಬೇಕಾದ್ದು ಇದು: ನೂರು ಕಿಲೋಮೀಟರು ದೂರದಿಂದ ತಂದು, ಸೋಸಿ, ಶುದ್ಧಿ ಮಾಡಿದ ಕುಡಿಯುವ ನೀರನ್ನೇ ನಾವು ಮಲವನ್ನು ಸಾಗಿಸಲು ಬಳಸುತ್ತಿದ್ದೇವೆ. ಇನ್ನೊಂದು ಕಡೆ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಶುದ್ಧೀಕರಣದ ಯಂತ್ರ ಒಂದು ಲೀಟರು ಕುಡಿಯುವ ನೀರು ಕೊಡಲು ಎರಡು ಮೂರು ಲೀಟರನ್ನು ಹೊರಚೆಲ್ಲುತ್ತದೆ. ಆ ನೀರಿನಲ್ಲಿ ನೆಲ ಒರೆಸಬಹುದು, ಶೌಚಕ್ಕೆ ಬಳಸಬಹುದು. ಬಹುಪಾಲು ಮನೆಗಳಲ್ಲಿ ಅದು ನೇರವಾಗಿ ಮೋರಿಗೆ ಹೋಗುತ್ತದೆ.

ಬಳಸಿದ ನೀರಿನ ಮಾತು ಬಂದಿತಲ್ಲ, ಅದನ್ನೂ ಒಂದಿಷ್ಟು ಹಿಂಬಾಲಿಸೋಣ. ಹಿಂದಿನ ಮನೆಗಳಲ್ಲಿ ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ, ಕೆಸುವಿನ ಮಡಿಗೆ, ತೆಂಗಿನ ಪಾತಿಗೆ ಹರಿಯುತ್ತಿತ್ತು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿನ ಮುಂದಿರುತ್ತಿತ್ತು. ಕಲಗಚ್ಚು ಎಂಬ ಆ ಒಂದು ಪದದಲ್ಲಿ ಒಂದು ಅರ್ಥಶಾಸ್ತ್ರವೇ ಅಡಗಿದೆ. ಇಂದಿನ ಪಟ್ಟಣದ ಮಕ್ಕಳಿಗೆ ಪದವೂ ತಿಳಿಯದು, ಅರ್ಥವೂ ತಿಳಿಯದು. ಮನೆಗೆ ಬರುವ ನೀರಿನ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಹೋಗುತ್ತದೆಂದು ತಜ್ಞರು ಲೆಕ್ಕ ಹಾಕುತ್ತಾರೆ. ಅದು ಎಲ್ಲಿ ಸೇರುತ್ತದೆಂಬುದನ್ನು ವೃಷಭಾವತಿ ಹೇಳುತ್ತಾಳೆ, ನೊರೆಯುಗುಳಿ ಬೆಂಕಿಯನ್ನೂ ಕಂಡ ಬೆಳ್ಳಂದೂರು ಕೆರೆ ಹೇಳುತ್ತದೆ. ಇದೇ ಕೊಳಚೆಯನ್ನು ಶುದ್ಧಿ ಮಾಡಿ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಎರಡು ಹಂತಗಳ ಶುದ್ಧಿ ಸಾಲದು, ಮೂರನೆಯದೂ ಬೇಕೆಂಬ ವಾದ ಅಲ್ಲಿನ ಜನರದು, ಅದು ನ್ಯಾಯವಾದ ವಾದ. ಹಾಗಿದ್ದೂ ಒಂದು ಪಾಠವನ್ನು ನಾವು ಕಲಿಯಬೇಕು: ಒಂದು ಊರಿನ ಬಚ್ಚಲು ಇನ್ನೊಂದು ಊರಿನ ಕೆರೆಯಾಗಿದೆ. ನಾವು ಮೋರಿಗೆ ಏನನ್ನು ಸುರಿಯುತ್ತೇವೆ ಎಂಬುದು ಇನ್ನು ಮೇಲೆ ನಮ್ಮ ಮನೆಯ ಸಂಗತಿ ಮಾತ್ರವಲ್ಲ.

ತಿರುಗಿಸಿದೊಡನೆ ಬರುವುದೇ ಸಹಜ, ಬಾರದಿರುವುದೇ ಅಪವಾದ ಎಂಬ ನಂಬಿಕೆಗೆ 2024ರ ಬೇಸಗೆಯಲ್ಲಿ ಪೆಟ್ಟು ಬಿತ್ತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿದವು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ತೋಟಕ್ಕೆ ಹಾಯಿಸಿದರೆ 5000 ರೂಪಾಯಿ ದಂಡವೆಂದು ಆ ಮಾರ್ಚಿನಲ್ಲಿ ಜಲಮಂಡಳಿ ಆಜ್ಞೆ ಹೊರಡಿಸಿತು. ಟ್ಯಾಂಕರಿಗಾಗಿ ಬಾಗಿಲಲ್ಲಿ ಕಾದು ನಿಂತವರಲ್ಲಿ ಬಹುಮಹಡಿ ಮನೆಗಳ ನಿವಾಸಿಗಳೂ ಇದ್ದರು. ಬಾಯಾರಿದಾಗ ಬಾವಿ ತೋಡಿದರು ಎಂಬ ಗಾದೆಗೆ ಇಷ್ಟು ದೊಡ್ಡ ನಿದರ್ಶನ ಬೇರೆ ಬೇಕಾಗಿರಲಿಲ್ಲ. ಆದರೆ ಅದೇ ನಗರದ ಕೊಳೆಗೇರಿಗಳಲ್ಲಿ, ನಮ್ಮ ಬಯಲುಸೀಮೆಯ ಅನೇಕ ಹಳ್ಳಿಗಳಲ್ಲಿ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು ಯಾವ ವರ್ಷವೂ ಕರಗಿದ್ದಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯವನೊಬ್ಬನಿಗೆ ಗೊತ್ತುಮಾಡಿದ್ದು ದಿನಕ್ಕೆ 55 ಲೀಟರು. ನಗರದವನ ಪ್ರಮಾಣ 135. ಹಳ್ಳಿಯವನ ಬಾಯಾರಿಕೆ ನಗರದವನದಕ್ಕಿಂತ ಕಡಿಮೆಯೇನಲ್ಲ. ಆತನ ಮನೆಯಲ್ಲಿ ಚೆಲ್ಲುವ ಸಲಕರಣೆಗಳು ಕಡಿಮೆ, ಅಷ್ಟೆ.

ಹಾಗಾದರೆ ಮಾಡಬೇಕಾದ್ದೇನು? ಹಗ್ಗಬಿಂದಿಗೆಗೆ ಹಿಂದಿರುಗುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಶ್ರಮವನ್ನು ಮರಳಿ ತರದೆ ಅಳತೆಯನ್ನು ಮಾತ್ರ ಮರಳಿ ತರುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಮೊದಲನೆಯದಾಗಿ, ಪ್ರತಿ ಮನೆಗೂ ಒಂದು ನೀರಿನ ಮೀಟರು, ಅದನ್ನು ತಿಂಗಳಿಗೊಮ್ಮೆ ಓದುವ ಕಣ್ಣು. ನೂರು ಮನೆಗಳಿಗೆ ಒಂದೇ ಮೀಟರಿರುವ ಕಟ್ಟಡದಲ್ಲಿ ಯಾರ ಕೊಳಾಯಿ ಸೋರಿದರೂ ಅದು ಯಾರದೂ ಅಲ್ಲ. ಎರಡನೆಯದು ಕೊಳಾಯಿಯ ಬಾಯಿಗೆ ಸಿಕ್ಕಿಸುವ ಸಣ್ಣ ಜರಡಿ. ಅದು ನೀರಿಗೆ ಗಾಳಿಯನ್ನು ಬೆರೆಸಿ, ಧಾರೆಯನ್ನು ತೆಳುವಾಗಿಸದೆ ಖರ್ಚನ್ನು ತಗ್ಗಿಸುತ್ತದೆ. ಮೂರನೆಯದು, ಎಲ್ಲಕ್ಕಿಂತ ಹಳೆಯದು: ಮಳೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಮೂವತ್ತು ನಲವತ್ತು ಅಡಿಯ ಒಂದು ನಿವೇಶನದ ಮೇಲೆ ಬೀಳುವ ನೀರನ್ನು ಲೆಕ್ಕ ಹಾಕಿದರೆ ಸುಮಾರು ಒಂದು ಲಕ್ಷ ಲೀಟರಾಗುತ್ತದೆ. ತಾರಸಿಯ ಮೇಲೆ ಬಿದ್ದು ಕೈಗೆ ಸಿಕ್ಕುವುದು ಅದರಲ್ಲಿ ಅರುವತ್ತು ಸಾವಿರವೇ ಎಂದಿಟ್ಟುಕೊಂಡರೂ, ನಾಲ್ವರ ಸಂಸಾರಕ್ಕೆ ನೂರು ದಿನಗಳಿಗೂ ಮೀರಿದ ನೀರಾಯಿತು. ಎತ್ತುವ ಖರ್ಚಿಲ್ಲದೆ ತಾನಾಗಿ ಆಕಾಶದಿಂದ ಇಳಿದು ಬಂದ ನೀರು! ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿ, ಮಳೆನೀರನ್ನೇ ನೆಚ್ಚಿ ಬಾಳಿ, ಇದು ಕನಸಲ್ಲವೆಂದು ತೋರಿಸಿಕೊಟ್ಟರು. 2009ರಲ್ಲಿ ಕಾನೂನೂ ಬಂದಿತು. ಆದರೆ ಕಾನೂನಿಗೆ ಹೆದರಿ ಹಾಕಿದ ಕೊಳವೆ, ಸೋಸುಗುಂಡಿಯ ಕಸ ತೆಗೆಯುವವರಿಲ್ಲದೆ, ಎರಡು ಮಳೆಗಾಲಗಳಲ್ಲಿ ಕಟ್ಟಿಕೊಳ್ಳುತ್ತದೆ. ತಂತ್ರಜ್ಞಾನ ಒಮ್ಮೆ ಕೊಂಡು ತಂದು ಮರೆಯುವ ವಸ್ತುವಲ್ಲ; ಅದಕ್ಕೆ ಹಳೆಯ ಬಾವಿಯಂತೆಯೇ ವರ್ಷಕ್ಕೊಮ್ಮೆ ಹೂಳೆತ್ತಿಸುವ ಆರೈಕೆ ಬೇಕು.

ಕನ್ನಡದಲ್ಲಿ ದುಂದುಗಾರನನ್ನು ಕುರಿತು, ಹಣವನ್ನು ನೀರಿನಂತೆ ಖರ್ಚು ಮಾಡುತ್ತಾನೆ ಎಂದು ಹೇಳುವುದುಂಟು. ನೀರು ಅಗ್ಗವೆಂಬ ನಂಬಿಕೆಯ ಮೇಲೆ ನಿಂತ ಮಾತು ಅದು. ಹನಿ ಹನಿಗೂಡಿದರೆ ಹಳ್ಳ ಎಂಬ ಇನ್ನೊಂದು ಮಾತೂ ನಮ್ಮಲ್ಲಿಯೇ ಇದೆ; ಅದು ಅಳೆದು ಬಾಳಿದವರ ಮಾತು. ಈ ಎರಡು ಮಾತುಗಳಲ್ಲಿ ಯಾವುದು ನಮ್ಮ ಮನೆಯಲ್ಲಿ ನಿಜವಾಗಬೇಕೆಂಬುದನ್ನು ನಿರ್ಧರಿಸುವುದು ಜಲಾಶಯದ ಎಂಜಿನಿಯರಲ್ಲ, ಸರಕಾರವೂ ಅಲ್ಲ. ಕೊಳಾಯಿಯ ತಿರುಪಿನ ಮೇಲಿರುವ ಕೈ ಅದನ್ನು ನಿರ್ಧರಿಸುತ್ತದೆ.