ಮಿಕ್ಕಿಯ ಊರಿಗೆ ಬಿಸಿಲಿನ ಕರೆಂಟು

ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೊ ನಗರದ ಪಕ್ಕದಲ್ಲಿ ಸುಮಾರು 25 ಸಾವಿರ ಎಕರೆಗೆ ಹರಡಿಕೊಂಡಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಹೆಸರಿಗೆ ಪಾರ್ಕು, ವ್ಯವಹಾರಕ್ಕೆ ಒಂದು ಊರು. ನಾಲ್ಕು ಥೀಮ್ ಪಾರ್ಕು, ಎರಡು ವಾಟರ್ ಪಾರ್ಕು, ಸಾಲು ಹೋಟೆಲುಗಳು, ತನ್ನದೇ ಬಸ್ಸು, ಮೋನೊರೈಲು. 1967ರಲ್ಲಿ ರಾಜ್ಯ ಸರ್ಕಾರ ಈ ಜಾಗಕ್ಕೆಂದೇ ರೀಡಿ ಕ್ರೀಕ್ ಎಂಬ ಪ್ರತ್ಯೇಕ ಸ್ಥಳೀಯಾಡಳಿತ ಕಟ್ಟಿಕೊಟ್ಟಿತು. ಕರೆಂಟು, ನೀರು, ಒಳಚರಂಡಿ, ಅಗ್ನಿಶಾಮಕ ಎಲ್ಲ ಅದರದ್ದೇ ಉಸ್ತುವಾರಿ. ರಾಜಕೀಯ ಜಗಳದಲ್ಲಿ 2023ರಲ್ಲಿ ಅದರ ಹೆಸರೂ ಬದಲಾಯಿತು, ಆಡಳಿತ ಮಂಡಳಿಯೂ ಬದಲಾಯಿತು. ಕರೆಂಟಿನ ತಂತಿಗಳು ಇದ್ದಲ್ಲೇ ಇವೆ.

ರೋಲರ್ ಕೋಸ್ಟರ್ ನೋಡಿದವರು ‘ಇದಕ್ಕೆಷ್ಟು ಕರೆಂಟು ಬೇಕೋ’ ಎಂದು ಬಾಯಿ ಬಿಡುವುದು ಸಹಜ. ಆದರೆ ಹಳೆಯ ಮಾದರಿಯ ಕೋಸ್ಟರ್‌ಗೆ ಮೋಟರು ಬೇಕಾದದ್ದು ದಿಬ್ಬ ಹತ್ತಿಸಲು ಮಾತ್ರ, ಮಿಕ್ಕದ್ದು ಇಳಿಜಾರಿನ ಪುಣ್ಯ. ಬೆಳಗಿನಿಂದ ರಾತ್ರಿವರೆಗೆ ಬಿಡುವಿಲ್ಲದೆ ಓಡಬೇಕಾದದ್ದು ಏಸಿ. ಬೆವರು ಕಿತ್ತುಬರುವ ಫ್ಲೋರಿಡಾದ ಸೆಕೆಯಲ್ಲಿ ಸಾವಿರಾರು ಕೋಣೆ, ಅಂಗಡಿ, ಥಿಯೇಟರುಗಳನ್ನು ತಂಪಾಗಿಡಬೇಕಲ್ಲ. ಅದಕ್ಕೆಂದೇ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಹಿಂದೆ, ಜನರ ಕಣ್ಣಿಗೆ ಬೀಳದಂತೆ ಒಂದು ವಿದ್ಯುತ್ ಸ್ಥಾವರವಿದೆ. ನೀರನ್ನು ಅಲ್ಲೇ ತಣ್ಣಗೆ ಮಾಡಿ ಕೊಳವೆಗಳಲ್ಲಿ ಕಟ್ಟಡಗಳಿಗೆ ಹರಿಸುತ್ತಾರೆ. ಟರ್ಬೈನಿನ ಬಿಸಿಯನ್ನು ಗಾಳಿಗೆ ಬಿಡದೆ ನೀರು ಕಾಯಿಸಲು ಬಳಸುವ ಜಾಣತನವೂ ಹಳೆಯದೇ, 1971ರಲ್ಲಿ ಪಾರ್ಕು ಬಾಗಿಲು ತೆರೆದ ಕಾಲದ್ದು.

ಬಿಸಿಲಿನ ಕರೆಂಟಿನ ಮೊದಲ ಪ್ರಯೋಗ ನಡೆದದ್ದು 1982ರಲ್ಲಿ, ಎಪ್ಕಾಟ್ ಪಾರ್ಕಿನ ‘ಯೂನಿವರ್ಸ್ ಆಫ್ ಎನರ್ಜಿ’ ಮಂಟಪದಲ್ಲಿ. ಇಳಿಜಾರು ಚಾವಣಿಯ ಮೇಲೆ ಸುಮಾರು 80 ಸಾವಿರ ಸೌರಕೋಶಗಳು. ಎಲ್ಲ ಸೇರಿ ಸಾಮರ್ಥ್ಯ 70 ಕಿಲೋವ್ಯಾಟ್. ಇಂದು ನಮ್ಮಲ್ಲಿ ದೊಡ್ಡದೊಂದು ಕಾಲೇಜಿನ ತಾರಸಿಯ ಮೇಲೂ ಇಷ್ಟಿದ್ದೀತು. ಆದರೆ ಅದನ್ನು ಬಳಸಿದ ರೀತಿ ಮಜವಾಗಿತ್ತು. ಜನ ಥಿಯೇಟರಿನಲ್ಲಿ ಕೂತಿರುವಾಗಲೇ ಕುರ್ಚಿಗಳ ಸಾಲು ಆರು ತುಂಡಾಗಿ ಬೇರ್ಪಟ್ಟು, ತುಂಡಿಗೆ 97 ಮಂದಿಯಂತೆ ಹೊತ್ತುಕೊಂಡು, ಕತ್ತಲಲ್ಲಿ ಡೈನೊಸಾರ್‌ಗಳ ನಡುವೆ ಹೊರಡುತ್ತಿತ್ತು. ಹಳಿ ಇಲ್ಲ, ನೆಲದೊಳಗೆ ಹುಗಿದ ತಂತಿಯೇ ದಾರಿ. ಬ್ಯಾಟರಿಗೆ ಪ್ಲಗ್ ಇಲ್ಲ; ವಾಹನ ನಿಂತಲ್ಲೇ ಚಾರ್ಜ್ ಆಗುತ್ತಿತ್ತು. ಅದಕ್ಕೆ ಬೇಕಾದ ಕರೆಂಟಿನ ಒಂದು ಪಾಲು ಚಾವಣಿಯದು. ಇಷ್ಟೆಲ್ಲದರ ಪ್ರಾಯೋಜಕರು ಯಾರೆಂದರೆ, ಎಕ್ಸಾನ್ ತೈಲ ಕಂಪನಿ! ಮಂಟಪ 2017ರ ಆಗಸ್ಟ್‌ನಲ್ಲಿ ಮುಚ್ಚಿತು. ಈಗ ಆ ಜಾಗದಲ್ಲಿ 2022ರಲ್ಲಿ ಶುರುವಾದ ರೋಲರ್ ಕೋಸ್ಟರ್ ಇದೆ.

2016ರಲ್ಲಿ ಎಪ್ಕಾಟ್ ಸಮೀಪ 22 ಎಕರೆಯಲ್ಲಿ 48 ಸಾವಿರ ಫಲಕಗಳ 5 ಮೆಗಾವ್ಯಾಟ್ ಘಟಕ ಬಂತು. ಡ್ಯೂಕ್ ಎನರ್ಜಿ ಕಂಪನಿ ಇದನ್ನು ಹಾಕಿದ್ದು ಮಿಕ್ಕಿ ಮೌಸ್ ತಲೆಯ ಆಕಾರದಲ್ಲಿ: ಒಂದು ದೊಡ್ಡ ವೃತ್ತ, ಎರಡು ಕಿವಿ. ಪತ್ರಿಕೆಗಳಿಗೆ ಫೋಟೊ ಸಿಕ್ಕಿತು; ಕರೆಂಟಿನ ಲೆಕ್ಕದಲ್ಲಿ ಅದು ಉಪ್ಪಿನಕಾಯಿಯಷ್ಟೇ. ನಿಜವಾದ ಕೆಲಸ ಮಾಡುತ್ತಿರುವುದು 2019ರಲ್ಲಿ ಶುರುವಾದ, ಯಾವ ಆಕಾರವೂ ಇಲ್ಲದ 270 ಎಕರೆಯ ಘಟಕ. ಐದು ಲಕ್ಷಕ್ಕೂ ಹೆಚ್ಚು ಫಲಕ, 50 ಮೆಗಾವ್ಯಾಟ್. ಚಿಟ್ಟೆ, ಜೇನ್ನೊಣಗಳಿಗೆಂದು ಅಲ್ಲಿ ಕಾಡುಹೂಗಳನ್ನೂ ಬೆಳೆಸಿದ್ದಾರೆ. ಆಮೇಲೆ ತಲಾ 75 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಸೇರಿದವು. ಎಲ್ಲ ಕೂಡಿದರೆ ವರ್ಷದ ಬೇಡಿಕೆಯ ಶೇ 40ರವರೆಗೆ ಪೂರೈಸಬಹುದೆಂಬುದು ಡಿಸ್ನಿಯ ಅಂದಾಜು. ಮಧ್ಯಾಹ್ನ ಏಸಿಯ ಹಸಿವೂ ಬಿಸಿಲೂ ಒಟ್ಟಿಗೇ ಏರುವುದು ಅನುಕೂಲ. ರಾತ್ರಿಯ ದೀಪಾಲಂಕಾರಕ್ಕೆ ಬೇರೆ ಕಡೆಯ ಕರೆಂಟೇ ಗತಿ.

ನನ್ನ ತಕರಾರು ಒಂದೇ, ಜಾಗದ್ದು. ಮ್ಯಾಜಿಕ್ ಕಿಂಗ್‌ಡಮ್ಮಿನ ಕಾರು ನಿಲುಗಡೆ ಜಾಗವೇ ನೂರು ಎಕರೆ ಮೀರುತ್ತದೆ. ಡಾಂಬರು, ಮೇಲೆ ಸುಡುಬಿಸಿಲು. ಇದೇ ಕಂಪನಿಯ ಪ್ಯಾರಿಸ್ ಪಾರ್ಕಿನಲ್ಲಿ ಸುಮಾರು 11 ಸಾವಿರ ಕಾರುಗಳ ನಿಲುಗಡೆಗೆ 82 ಸಾವಿರ ಫಲಕಗಳ ಚಪ್ಪರ ಹಾಕಿದ್ದಾರೆ. ಕಾರಿಗೆ ನೆರಳು, ಜೊತೆಗೆ ಕರೆಂಟು. ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕು ಸೌರ ಘಟಕಕ್ಕಾಗಿ ಸುಮಾರು 90 ಎಕರೆ ಕಾಡು ಕಡಿಯಲು ಹೊರಟು, ಪರಿಸರವಾದಿಗಳು ಕೋರ್ಟಿಗೆ ಹೋದ ಮೇಲೆ 2018ರಲ್ಲಿ 40 ಎಕರೆಗೆ ಇಳಿದು, ಮಿಕ್ಕ ಫಲಕಗಳನ್ನು ಪಾರ್ಕಿಂಗ್ ಮೇಲೆ ಹಾಕಲು ಒಪ್ಪಿತು. ಫ್ರಾನ್ಸ್ 2023ರಲ್ಲಿ ದೊಡ್ಡ ನಿಲುಗಡೆ ಜಾಗಗಳ ಅರ್ಧಕ್ಕೆ ಸೌರ ಚಪ್ಪರ ಹಾಕಬೇಕೆಂದು ಕಾನೂನನ್ನೇ ಮಾಡಿತು. ಫ್ಲೋರಿಡಾದ ಬಿಸಿಲಿಗೆ ಇದು ಇನ್ನೂ ಚೆನ್ನಾಗಿ ಒಪ್ಪುವ ವ್ಯವಸ್ಥೆ.

ಒರ್ಲ್ಯಾಂಡೊಗೆ ಹೋಗುವವರು ಗಮನಿಸಿ: ಸೌರ ಘಟಕಗಳು ಪಾರ್ಕಿನ ಟಿಕೆಟ್ಟಿಗೆ ಸೇರಿಲ್ಲ, ಮತ್ತು ರಸ್ತೆಯಿಂದ ಕಾಣುವುದು ಬರೀ ಫಲಕಗಳ ಸಾಲು. ಮಿಕ್ಕಿಯ ಮುಖ ನೋಡಬೇಕೆಂದರೆ ಫೋನಿನ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ತೆರೆದು ಎಪ್ಕಾಟ್ ಸುತ್ತ ಹುಡುಕಿ.